ಜೋರಾಗಿ ಓದುವ ಫೋನು

ಕ್ಲಿನಿಕ್ಕಿನ ಸಿಸ್ಟರ್ ಅವರಿಗೆ, ಹೊಲಿಗೆ ಅಂಗಡಿಯವಳ ನಮಸ್ಕಾರ.

ಮಗಳ ತೂಕ ಇಳಿಸಲು ನೀವು ಕೊಟ್ಟ ಆ್ಯಪನ್ನು ನನ್ನ ಫೋನಿಗೇ ಹಾಕಿಸಿಕೊಂಡಿದ್ದೆ. ಹದಿನಾಲ್ಕರ ಹುಡುಗಿಯ ಕೈಗೆ ಫೋನು ಯಾಕೆ ಎಂಬುದು ನನ್ನ ವಾದವಾಗಿತ್ತು. ಸೂಜಿ ನೋಡಿ ನೋಡಿ ಕಣ್ಣು ಸೋತಿರುವುದರಿಂದ ನನ್ನ ಫೋನು ಬಂದ ಮೆಸೇಜನ್ನೆಲ್ಲ ಜೋರಾಗಿ ಓದಿ ಹೇಳುತ್ತದೆ.

ಮೊನ್ನೆ ಮಗಳು ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದಾಗ ಫೋನು, "ಈ ವಾರ ನಿಮ್ಮ ಮಗಳ ತೂಕ ಏರಿದೆ" ಎಂದಿತು. ಅಳತೆ ಕೊಡುತ್ತ ನಿಂತಿದ್ದ ಗಿರಾಕಿ, "ನಿಮ್ಮ ಟೇಪು ಸಾಲುತ್ತೇನ್ರೀ ಇವಳಿಗೆ?" ಅಂದರು. ಹಳೆಯ ಗಿರಾಕಿ. ನಾನೂ ನಕ್ಕೆ. ಮಗಳು ಆ ಗುಂಡಿಯನ್ನು ಹಚ್ಚಿ ಮುಗಿಸಿ, ದಾರ ಕತ್ತರಿಸಿ, ಮನೆಗೆ ಹೋದಳು.

ಅಂದಿನಿಂದ ನನ್ನೆದುರು ಉಣ್ಣುತ್ತಿಲ್ಲ. "ಆಮೇಲೆ ತಿಂತೀನಮ್ಮ, ನೀನು ಮಲ್ಕೋ" ಅನ್ನುತ್ತಾಳೆ. ತಿನ್ನುತ್ತಾಳೋ ಇಲ್ಲವೋ ಕೇಳಲು ನನಗೆ ಮುಖವಿಲ್ಲ.

ನನ್ನ ಹಳೆಯ ಫೋನನ್ನು ರಿಪೇರಿ ಮಾಡಿಸಿ ಅವಳಿಗೆ ಕೊಟ್ಟಿದ್ದೇನೆ. ಗುರುವಾರ ತೂಕ ನೋಡಿಸಲು ಕ್ಲಿನಿಕ್ಕಿಗೆ ಒಬ್ಬಳೇ ಬರುತ್ತಾಳೆ. ದಯವಿಟ್ಟು ಆ್ಯಪನ್ನು ಆ ಫೋನಿಗೆ ವರ್ಗಾಯಿಸಿಕೊಡಿ. ಊಟದ ಬಗ್ಗೆ ಬಾಗಿಲು ಹಾಕಿಕೊಂಡು ನೀವೇ ವಿಚಾರಿಸಿ. ತೂಕದ ವಿಷಯ ಅಮ್ಮನಿಗೂ ತಿಳಿಸಬೇಕೇ ಎಂದು ಅವಳನ್ನೇ ಕೇಳಿ. ಬೇಡ ಅಂದರೆ ತಿಳಿಸಬೇಡಿ. ಅವಳು ಉಣ್ಣುತ್ತಿದ್ದಾಳೆ ಎಂಬುದೊಂದನ್ನು ಮಾತ್ರ, ಅವಳು ಒಪ್ಪಿದರೆ, ಹೇಳಿ ಕಳುಹಿಸಿ.

ಇತಿ,
ಅವಳ ಅಮ್ಮ