ಸುಮತಿಯ ಮನೆಯ ಹಿತ್ತಾಳೆ ತಟ್ಟೆ

ಪಪ್ಪಾ,

ಹುಟ್ಟಿದಾಗಿನಿಂದ ನಿಮ್ಮೊಡನೆ ಕೊಂಕಣಿಯಲ್ಲೇ ಮಾತಾಡಿದವಳು ಈ ಕಾಗದವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೇಕೆಂದೇ. ನನ್ನ ಹತ್ತಿರ ನೀವು ಕೊಂಕಣಿಯಲ್ಲಿ ಚಹಾ ಕೇಳಿದಿರಿ, ಕನ್ನಡಕ ಎಲ್ಲಿಟ್ಟೆ ಎಂದು ಕೇಳಿದಿರಿ, ಕೊಡೆ ಒಣಗಿತೇ ಎಂದು ಕೇಳಿದಿರಿ. ಪಕ್ಕದ ಮನೆಯ ಸುಮತಿಗೆ ಮಾತ್ರ ಕನ್ನಡದಲ್ಲಿ ಇಡೀ ಪ್ರಪಂಚವನ್ನು ಬಿಡಿಸಿ ಹೇಳಿದಿರಿ. ನೀವು ಹೋಗಿ ವರ್ಷವಾಯಿತು, ಮೊನ್ನೆ ಇಗರ್ಜಿಯಲ್ಲಿ ವರ್ಷದ ಪೂಜೆಯೂ ಆಯಿತು. ಇದೊಂದು ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ. ಸಿಟ್ಟಲ್ಲ, ಹೊಟ್ಟೆಕಿಚ್ಚು. ಅದು ಪಾಪವೆಂದು ಗೊತ್ತು, ಪಾದ್ರಿಗಳ ಹತ್ತಿರ ಹೇಳಿಯೂ ಬಂದೆ. ಮನೆಗೆ ಬಂದು ಅಂಗಳದಲ್ಲಿ ಅವಳನ್ನು ಕಂಡ ಕೂಡಲೇ ಮತ್ತೆ ಶುರುವಾಯಿತು.

ಆ ಮೊದಲ ದಿನ ನಿಮಗೆ ನೆನಪಿದೆಯೇ? ಬಂದರಿನ ಗೋಡಂಬಿ ಕಂಪೆನಿಯಲ್ಲಿ ಹೊರದೇಶಗಳಿಗೆ ಕಾಗದ ಬರೆಯುವ ಕೆಲಸದಿಂದ ಆಗಷ್ಟೇ ನಿವೃತ್ತರಾಗಿದ್ದಿರಿ. ಮಣ್ಣಗುಡ್ಡದ ನಮ್ಮ ಮನೆಯ ವೆರಾಂಡದಲ್ಲಿ ಆರಾಮಕುರ್ಚಿ ಹಾಕಿ ಪತ್ರಿಕೆ ಓದುತ್ತಿದ್ದಿರಿ. ಸುಮತಿ ಆಗ ಎರಡು ಜಡೆಯ ಹೈಸ್ಕೂಲ್ ಹುಡುಗಿ. ಅವಳ ತಾಯಿ ಕಲ್ಯಾಣಿಯಕ್ಕ ಅಷ್ಟಮಿಗೆ ಎಲೆಯಲ್ಲಿ ಬೇಯಿಸಿದ ಮೂಡೆ ಕಳಿಸಿದ್ದರು. ತಟ್ಟೆ ನನ್ನ ಕೈಗೆ ಕೊಟ್ಟವಳು ಹೋಗದೆ ನಿಮ್ಮ ಪತ್ರಿಕೆಗೆ ಇಣುಕಿದಳು. “ಪೊರ್ಬುಳೇ, ಒಂದು ದೇಶ ಸಾಲ ಮಾಡುವುದೆಂತಕ್ಕೆ? ನೋಟು ಅಚ್ಚು ಹಾಕುವುದು ಅವರೇ ಅಲ್ವಾ?” ಎಂದು ಕೇಳಿದಳು. ಊರವರೆಲ್ಲ ನಿಮ್ಮನ್ನು ಮರ್ಯಾದೆಯಿಂದ ಕರೆಯುತ್ತಿದ್ದುದೇ ಪೊರ್ಬುಗಳು ಎಂದು. ನೀವು ಪತ್ರಿಕೆ ಮಡಚಿದಿರಿ. ಕನ್ನಡಕ ತೆಗೆದು, ಎರಡು ಬೆರಳಿನಿಂದ ಮೂಗಿನ ಬುಡವನ್ನು ಒತ್ತಿಕೊಂಡಿರಿ. “ಹ್ಞಾ, ಈಗ ಕೇಳು” ಎಂದಿರಿ. ನಾನು ಆಗಲೇ ಶಾಲೆಯಲ್ಲಿ ಚರಿತ್ರೆ ಕಲಿಸುವ ಟೀಚರ್. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ.

“ನಮ್ಮ ಮನೆಯ ನೋಟು ಹೊರಗಿನವನಿಗೆ ಬೇಡ ಮಗಾ. ಅವನಿಗೆ ಅವನ ಊರಿನ ಹಣವೇ ಆಗಬೇಕು. ಅದನ್ನು ನಾವು ಗೋಡಂಬಿ ಮಾರಿ ತರಬೇಕು, ಇಲ್ಲದಿದ್ದರೆ ಸಾಲ ತರಬೇಕು” ಎಂದು ನೀವು ಹೇಳಿದ್ದು ನನಗೂ ಕೇಳಿಸಿತು. ಆದರೆ ನೀವು ನನಗೆ ಹೇಳಿದ್ದಲ್ಲವಲ್ಲ. ಅಲ್ಲಿಂದ ಹಿಡಿದು ಪ್ರತಿ ಭಾನುವಾರ ಸಂಜೆ ಅವಳು ಬರತೊಡಗಿದಳು. ಪತ್ರಿಕೆಯಲ್ಲಿ ಯಾವುದೋ ಸರಕಾರ ಸಾಲದಲ್ಲಿ ಮುಳುಗಿದೆ ಎಂದು ಬಂದರೆ ಸಾಕು, ನಿಮ್ಮಿಬ್ಬರಿಗೆ ಹಬ್ಬ. ಷರತ್ತಿನ ಸಾಲ ಎಂದರೆ, ಅಕ್ಕಿ ಕೊಟ್ಟ ನೆರೆಮನೆಯವರು ನಮ್ಮ ಅಡಿಗೆಮನೆಗೆ ಬಂದು ಉಪ್ಪು ಜಾಸ್ತಿಯಾಯಿತು, ಮೀನು ಕಡಿಮೆ ಮಾಡಿ ಎಂದು ಹೇಳುವುದು ಎಂದಿರಿ. ಅವಳು ನಕ್ಕಳು. ಒಳಗೆ ಬಂಗುಡೆ ಮೀನು ಹುರಿಯುತ್ತಿದ್ದ ನಾನೂ ನಕ್ಕೆ. ನನ್ನ ನಗು ನಿಮಗೆ ಕೇಳಿಸಿತೇ?

ಒಂದು ಕ್ರಿಸ್ಮಸ್ಸಿನ ಹಿಂದಿನ ದಿನ ಕುಸ್ವಾರ್, ಹಬ್ಬದ ತಿಂಡಿಗಳನ್ನು, ಹಂಚುವ ಗಡಿಬಿಡಿ. ಅಮ್ಮ ಹೋದ ಮೇಲೆ ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ನಾನೊಬ್ಬಳೇ ಕರಿಯುವುದು. ಕಲ್ಯಾಣಿಯಕ್ಕನ ಹಿತ್ತಾಳೆ ತಟ್ಟೆ ಅದಕ್ಕೂ ಮೊದಲಿನ ಹಬ್ಬದಿಂದ ನಮ್ಮಲ್ಲೇ ಇತ್ತು. ಬಂದ ತಟ್ಟೆಯನ್ನು ಖಾಲಿ ಹಿಂತಿರುಗಿಸುವ ಕ್ರಮ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ನಾನು ಅದರಲ್ಲಿ ನೆವ್ರಿ ಜೋಡಿಸುತ್ತಿದ್ದರೆ ನೀವು ಬಂದು ತಟ್ಟೆಯನ್ನೇ ಎತ್ತಿಕೊಂಡು ಹೋದಿರಿ, ಅವಳಿಗೆ ತೋರಿಸಲಿಕ್ಕೆ. “ನೋಡು, ಹಳೆ ಸಾಲಕ್ಕೆ ಹೊಸ ಸಾಲ ಅಂದ್ರೆ ಇದು. ನಿನ್ನ ಅಮ್ಮನ ಮೂಡೆ ತೀರಿಸ್ಲಿಕ್ಕೆ ನಮ್ಮ ಕುಸ್ವಾರ್. ನಮ್ಮ ಕುಸ್ವಾರ್ ತೀರಿಸ್ಲಿಕ್ಕೆ ನಿಮ್ಮ ಸುಕ್ರುಂಡೆ. ಸಾಲ ತೀರಿತಾ? ಇಲ್ಲ. ಆದರೆ ತಟ್ಟೆ ನಡೀತಾ ಉಂಟು. ನಡೆಯುವಷ್ಟು ದಿನ ಯಾರೂ ಯಾರನ್ನೂ ಸಾಲಗಾರ ಅಂತ ಹೇಳುವುದಿಲ್ಲ. ಒಂದು ದಿನ ಎದುರಿನವರು ಇನ್ನು ನಿಮ್ಮ ತಟ್ಟೆ ಬೇಡ ಅಂತಾರಲ್ಲ, ಆಗ ಶುರು ಆಗುವುದು ಬಿಕ್ಕಟ್ಟು.” ಎಷ್ಟು ಚೆಂದ ಹೇಳಿದಿರಿ. ತಟ್ಟೆ ತುಂಬಿಸಿದವಳು ಯಾರು ಪಪ್ಪಾ? ಬೆಂಕಿಯ ಮುಂದೆ ಕುಳಿತವಳು ನಾನು, ಅರ್ಥ ಹೋದದ್ದು ಅವಳ ಮನೆಗೆ.

ಅವಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ದಿನ ನೀವು ಹಂಪನಕಟ್ಟೆಯವರೆಗೆ ನಡೆದುಹೋಗಿ ಅವಳಿಗೆ ಒಂದು ಪೆನ್ನು ತಂದಿರಿ. ನನಗೆ ಕೆಲಸ ಸಿಕ್ಕಿದಾಗ ಏನು ತಂದಿದ್ದಿರಿ ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ತಂದಿರಬಹುದು. ತಂದೇ ಇರುತ್ತೀರಿ. ಆದರೂ ಆ ಪೆನ್ನನ್ನು ಅವಳು ರವಿಕೆಗೆ ಸಿಕ್ಕಿಸಿಕೊಂಡು ಬಸ್ಸಿಗೆ ಹೋಗುವುದನ್ನು ಕಂಡಾಗಲೆಲ್ಲ ನನಗೆ…

ಇರಲಿ. ನೀವು ಹಾಸಿಗೆ ಹಿಡಿದ ವಾರ ಅದೇ ತಟ್ಟೆ ಸುಕ್ರುಂಡೆ ತುಂಬಿ ಬಂತು. ನೀವು ಅರ್ಧ ತಿಂದು, ಉಳಿದರ್ಧ ಸುಮತಿಗೆ ಕೊಡು ಎಂದಿರಿ. ಮರುವಾರ ನೀವಿಲ್ಲ. ಮಣ್ಣು ಮಾಡಿ ಬಂದ ದಿನ ಸುಮತಿ ನಮ್ಮ ವೆರಾಂಡದ ಕಂಬ ಹಿಡಿದುಕೊಂಡು ಅತ್ತಳು, ನನಗಿಂತ ಜೋರಾಗಿ. ಬಂದವರೆಲ್ಲ ಅವಳನ್ನೇ ಸಮಾಧಾನ ಮಾಡಿದರು. ನಾನು ಅಡಿಗೆಮನೆಗೆ ಹೋಗಿ ತಟ್ಟೆ ತೊಳೆದು, ಕಪಾಟಿನ ಮೇಲೆ, ಹಳೆಯ ಚಾಪೆಗಳ ಹಿಂದೆ ಇಟ್ಟೆ. ಈ ಮನೆಯಿಂದ ಅವಳು ಎಷ್ಟೋ ತೆಗೆದುಕೊಂಡು ಹೋಗಿದ್ದಾಳೆ, ಅವಳದ್ದು ಒಂದಾದರೂ ಇಲ್ಲಿರಲಿ ಎಂದು. ಕೊಡುವ ಯೋಚನೆ ನನಗೆ ಇರಲೇ ಇಲ್ಲ.

ಕಳೆದ ವರ್ಷ ಜೂನ್ ತಿಂಗಳ ಆ ಬೆಳಿಗ್ಗೆ ನೀವು ಇರಬೇಕಿತ್ತು. ರೂಪಾಯಿಯ ಬೆಲೆ ಇಳಿಸಿದ ಸುದ್ದಿ ರೇಡಿಯೋದಲ್ಲಿ ಬಂದಿತ್ತು. ಎದುರುಮನೆಯ ಸಂಜೀವಣ್ಣ, ಅದೇ ಜವುಳಿ ಅಂಗಡಿಯವರು, ಒದ್ದೆ ಕೊಡೆ ಮಡಚದೆಯೇ ನಮ್ಮ ವೆರಾಂಡ ಹತ್ತಿದರು. ಅಭ್ಯಾಸಬಲ ನೋಡಿ, ನಿಮ್ಮ ಕುರ್ಚಿಯ ಕಡೆಗೆ ತಿರುಗಿ ಬಾಯಿ ತೆರೆದವರು ಹಾಗೇ ನಿಂತರು. ಮಗಳ ಮದುವೆಗೆಂದು ಕೂಡಿಟ್ಟದ್ದನ್ನೆಲ್ಲ ಅವರು ಸರಕಾರದ ಸಾಲಪತ್ರಗಳಲ್ಲಿ ಹಾಕಿದ್ದರು. “ಟೀಚರ್, ಸರಕಾರ ದಿವಾಳಿಯಾ ಎಂತ? ಪೇಟೆಯಲ್ಲಿ ಒಬ್ಬ, ಆ ಸಾಲದ ಕಾಗದ ಈಗಲೇ ಕೊಟ್ರೆ ಅರ್ಧ ಬೆಲೆಗೆ ತೆಗೊಳ್ತೇನೆ ಅಂತಾನೆ. ಕೊಡ್ಲಾ?” ಎಂದು ಕೇಳಿದರು.

ಕೊನೆಗೂ ನನ್ನನ್ನು ಯಾರೋ ಕೇಳಿದರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ದಿವಾಳಿ ಎಂದರೆ ಪಡೆದ ಸಾಲವನ್ನು ಹಿಂತಿರುಗಿಸಲಾರದ ಸ್ಥಿತಿ, ಚರಿತ್ರೆಯಲ್ಲಿ ಎಷ್ಟೋ ರಾಜರಿಗೆ ಹಾಗಾಗಿದೆ ಎಂದು ಪಾಠದ ದನಿಯಲ್ಲಿ ಹೇಳಿದೆ. ಹೇಳಿದ್ದು ತಪ್ಪೇನಲ್ಲ. ಆದರೆ ಸಂಜೀವಣ್ಣನ ಮುಖ ಬಿಳುಚಿತು, ಅರ್ಧವಾದರೂ ಸಿಗಲಿ ಎಂದು ಅವರು ಹೊರಟೇಬಿಟ್ಟರು. ಆಗ ಬೇಲಿಯ ಆಚೆಯಿಂದ ಸುಮತಿ, “ಸಂಜೀವಣ್ಣ, ನಿಲ್ಲಿ ಮಾರಾಯ್ರೆ” ಎಂದು ಕೂಗಿದಳು. ಬ್ಯಾಂಕಿಗೆ ಹೊರಟವಳು ಮಳೆಯಲ್ಲೇ ಓಡಿಬಂದಳು. ನಿಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ಕೂತಿದ್ದರೆ ಎಬ್ಬಿಸುತ್ತಿದ್ದೆ. ಮೆಟ್ಟಿಲ ಮೇಲೆ ಕುಳಿತಳು. ಅವಳಿಗೆ ಕನ್ನಡಕ ಇಲ್ಲ ಪಪ್ಪಾ. ಆದರೂ ಎರಡು ಬೆರಳಿನಿಂದ ಮೂಗಿನ ಬುಡ ಒತ್ತಿಕೊಂಡಳು. “ಹ್ಞಾ, ಈಗ ಕೇಳಿ” ಎಂದಳು.

ಮನೆ ನನಗೆ ಬಂತು, ಕುರ್ಚಿ ನನಗೆ ಬಂತು, ನಿಮ್ಮ ಬೆರಳು ಮಾತ್ರ ಅವಳಿಗೆ ಹೇಗೆ ಹೋಯಿತು? ಅವಳು ಹೇಳುತ್ತಾ ಹೋದಳು. “ಕಡಿಮೆ ಆದದ್ದು ಹೊರಗಿನವರ ಎದುರು ನಮ್ಮ ರೂಪಾಯಿಯ ಬೆಲೆ. ಹೊರಗಿಂದ ಬರುವ ಸಾಮಾನು ತುಟ್ಟಿ ಆಗ್ತದೆ, ಅದು ಹೌದು. ನಿಮ್ಮ ಕಾಗದದಲ್ಲಿ ಬರೆದ ರೂಪಾಯಿ ಅವಧಿ ಮುಗಿದಾಗ ಬರ್ತದೆ. ಅರ್ಧಕ್ಕೆ ಕೊಟ್ರೆ ಲಾಭ ಆ ಪೇಟೆಯವನಿಗೆ.” ಸಂಜೀವಣ್ಣ ಮತ್ತೂ ಬಿಡಲಿಲ್ಲ. “ನಾಳೆ ಸರಕಾರ ಈಗ ಆಗುವುದಿಲ್ಲ, ಮತ್ತೆ ಕೊಡ್ತೇವೆ ಅಂದ್ರೆ? ಅದೂ ದಿವಾಳಿಯೇ ಅಲ್ವಾ?” ಎಂದರು.

ಸುಮತಿ ನಮ್ಮ ಬಾಗಿಲಿನ ಒಳಗೆ ನೋಡಿದಳು. “ನನ್ನ ಅಮ್ಮನ ಹಿತ್ತಾಳೆ ತಟ್ಟೆ ಈ ಮನೆಯಲ್ಲಿ ಉಂಟು” ಎಂದಳು. ನಾನು ಬಾಗಿಲಿಗೆ ಅಡ್ಡ ಬಂದು ನಿಂತೆ. “ಪೊರ್ಬುಗಳು ತೀರಿಹೋಗಿದ್ದಾರೆ. ವರ್ಷ ಆಗುವವರೆಗೆ ಇವರಲ್ಲಿ ಸಿಹಿ ಮಾಡುವ ಹಾಗಿಲ್ಲ, ಕುಸ್ವಾರ್ ಇಲ್ಲ. ಖಾಲಿ ತಟ್ಟೆ ಕೊಡುವ ಹಾಗೂ ಇಲ್ಲ. ಹಾಗೆ ಅದು ಇಲ್ಲೇ ಉಂಟು. ಟೀಚರ್ ತಟ್ಟೆ ನುಂಗಿದ್ರು ಅಂತ ನನ್ನ ಅಮ್ಮ ಹೇಳ್ತಾರಾ? ಇಲ್ಲ. ವರ್ಷ ಕಳೀಲಿ, ಬರ್ತದೆ ಅಂತಾರೆ. ಅದಕ್ಕೆ ಮುಂದೂಡಿಕೆ ಅಂತ ಹೆಸರು. ಕೊಡುವುದೇ ಇಲ್ಲ ಅಂತ ಬಾಗಿಲು ಹಾಕಿದ್ರೆ ಅದು ದಿವಾಳಿ.”

ಸಂಜೀವಣ್ಣ ತಲೆಯಾಡಿಸಿ ಮನೆಗೆ ಹೋದರು, ಪೇಟೆಗಲ್ಲ. ಸುಮತಿ ಬಸ್ಸಿಗೆ ಹೋದಳು. ನಾನು ಚಾಪೆಗಳ ಹಿಂದಿನಿಂದ ತಟ್ಟೆ ತೆಗೆದು ಮಡಿಲಲ್ಲಿಟ್ಟುಕೊಂಡು ಕುಳಿತೆ. ಬಾಗಿಲು ಹಾಕಿದವಳೇ ನಾನು. ಅವಳು ಅದಕ್ಕೆ ಎಷ್ಟು ಮರ್ಯಾದೆಯ ಹೆಸರು ಕೊಟ್ಟುಬಿಟ್ಟಳು. ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೇ ಹಾಗೆ ಹೇಳಿದಳೇ? ಹೊರಗಿನಿಂದ ನೋಡುವವರಿಗೆ ಮುಂದೂಡಿಕೆ, ದಿವಾಳಿ ಎರಡೂ ಒಂದೇ ಹಾಗೆ ಕಾಣುತ್ತವೆ, ತಟ್ಟೆ ಕಪಾಟಿನ ಮೇಲೆಯೇ ಇರುತ್ತದೆ. ಇದನ್ನು ನೀವು ಅವಳಿಗೆ ಹೇಳಿದ್ದಿರೋ ಇಲ್ಲವೋ, ನನಗೆ ಮಾತ್ರ ನಾನಾಗಿಯೇ ತಿಳಿಯಿತು. ಸರಕಾರಗಳ ಸಾಲದ ವಿಷಯದಲ್ಲಿ ನನಗೆ ಅರ್ಥವಾದ ಮೊದಲನೆಯ ಸಂಗತಿ ಅದು.

ಡಿಸೆಂಬರಿನಲ್ಲಿ ಬಾಣಲೆ ಒಲೆಗೆ ಏರಲಿಲ್ಲ. ಕಲ್ಯಾಣಿಯಕ್ಕ ಬೇಲಿಯ ಹತ್ತಿರ ಬಂದು, “ಈ ಸಲ ಪರಿಮಳವೇ ಇಲ್ಲ ಅಲ್ವಾ ಟೀಚರ್” ಎಂದರು. ತಟ್ಟೆಯ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಜಗಳಕ್ಕಾದರೂ ದಾರಿಯಾಗುತ್ತಿತ್ತು.

ನಿನ್ನೆಯ ಸುದ್ದಿ ಹೇಳಿ ಮುಗಿಸುತ್ತೇನೆ, ನಿಮಗೆ ಬೇರೆ ಯಾರೂ ಹೇಳಿರಲಿಕ್ಕಿಲ್ಲ. ಕ್ರಿಸ್ಮಸ್ಸಿಗೆ ಇನ್ನೂ ಎಷ್ಟೋ ತಿಂಗಳಿದೆ. ಆದರೂ ಬೆಳಿಗ್ಗೆ ಕಾಯಿ ತುರಿದು, ಎಳ್ಳು ಹುರಿದು ನೆವ್ರಿ ಮಾಡಿದೆ. ಹುಣಸೆಹುಳಿ ಹಾಕಿ ಬೆಳಗಿದ ತಟ್ಟೆಯಲ್ಲಿ ತುಂಬಿಸಿ, ನಾನೇ ಬೇಲಿ ದಾಟಿದೆ. ಕಲ್ಯಾಣಿಯಕ್ಕ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಸುಮತಿ ಅವರ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದಳು. ಎದ್ದು ನಿಂತು, “ಕೂತ್ಕೊಳ್ಳಿ ಟೀಚರ್, ಚಾ ಮಾಡ್ತೇನೆ” ಎಂದಳು.

“ಚಾ ಬೇಡ” ಎಂದೆ. ಇಷ್ಟು ವರ್ಷ ಬಾಗಿಲಲ್ಲಿ ನಿಂತೇ ಕೇಳಿದವಳು, ಜಗಲಿಯ ಮೇಲೆ ಕುಳಿತೆ. “ಒಂದು ದೇಶ ಸಾಲ ಮಾಡುವುದೆಂತಕ್ಕೆ ಸುಮತಿ? ಪಪ್ಪ ನಿನಗೆ ಮೊದಲಿನಿಂದ ಹೇಗೆ ಹೇಳಿದ್ರು, ಹಾಗೆಯೇ ಹೇಳು” ಎಂದೆ.

ಅವಳು ನನ್ನನ್ನೇ ನೋಡಿದಳು. ಪತ್ರಿಕೆ ಮಡಚಿದಳು. ಎರಡು ಬೆರಳು ಮೂಗಿನ ಬುಡಕ್ಕೆ ಹೋದವು.

“ಹ್ಞಾ, ಈಗ ಕೇಳಿ” ಎಂದಳು.

ನೀವು ನನಗೆ ಒಮ್ಮೆಯೂ ಹೇಳದ ಮಾತು, ಪಪ್ಪಾ. ಹೊಟ್ಟೆ ಉರಿಯುತ್ತಲೇ ಇತ್ತು. ದೀಪ ಹಚ್ಚುವ ಹೊತ್ತಿನವರೆಗೂ ಕುಳಿತು ಕೇಳಿದೆ.

ನಿಮ್ಮ ಮಗಳು,
ಸಿಸಿಲಿ