ಈರುಳ್ಳಿ ತಕ್ಕಡಿಯಲ್ಲಿ ಪುಟ್ಟಿ

ವಿಶ್ವವಿದ್ಯಾಲಯದ ಹಿಂದಿನ ಬಾಡಿಗೆ ಕೋಣೆ
ಮಾರ್ಚ್ ೬, ಗುರುವಾರ

ಪ್ರೀತಿಯ ಅಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವುದನ್ನು ಕಡಿಮೆ ಮಾಡು ಎಂದರೆ ನೀನು ಕೇಳುವವಳಲ್ಲ. ಭಾವನ ಕೆಮ್ಮು ವಾಸಿಯಾಯಿತೆ? ನಮ್ಮ ಮನೆಯವರು ಕೆಲಸಕ್ಕಿರುವ ಹಡಗು ಇನ್ನೂ ನಡುಗಡಲಿನಲ್ಲಿದೆ. ದಡ ಸೇರುವಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿರುತ್ತದೆ.

ನಾವು ಚೆನ್ನಾಗಿದ್ದೇವೆ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ಪುಟ್ಟಿ ರಾತ್ರಿಯೆಲ್ಲ ಅಳುತ್ತಾಳೆ, ಹಗಲು ನಾನು ತರಗತಿಯಲ್ಲಿ ತೂಕಡಿಸುತ್ತೇನೆ. ಮೊನ್ನೆ ಮೇಷ್ಟ್ರು, ಬೆಲೆ ಎಷ್ಟೇ ಏರಿದರೂ ಬೇಡಿಕೆ ಇಳಿಯದ ವಸ್ತು ಯಾವುದು ಎಂದು ಕೇಳಿದರು. ಎಲ್ಲರೂ ಉಪ್ಪು ಎಂದರು, ನಾನು ನಿದ್ದೆ ಎಂದೆ. ತರಗತಿಯೆಲ್ಲ ನಕ್ಕಿತು. ಕೃಷಿ ಅರ್ಥಶಾಸ್ತ್ರದ ಪದವಿಗೆ ಇದು ಕೊನೆಯ ವರ್ಷ. ಹೆರಿಗೆಗೆಂದು ಒಮ್ಮೆ ಬಿಟ್ಟವಳು ನಾನು, ಈಗ ಮತ್ತೆ ಬಿಟ್ಟರೆ ಸೇರಿಸಿಕೊಳ್ಳುವುದಿಲ್ಲವಂತೆ. ಪ್ರಬಂಧಕ್ಕೆ ನನ್ನ ಪಾಲಿಗೆ ಬಂದಿರುವುದು ಈರುಳ್ಳಿ. ದಿನಾ ಬೆಳಗ್ಗೆ ಮಾರುಕಟ್ಟೆಯಲ್ಲಿ ನಿಂತು ಹರಾಜಿನ ಬೆಲೆ ಬರೆದುಕೊಳ್ಳಬೇಕು. ನಡುವೆ ಬಿಟ್ಟರೆ ಅಷ್ಟೂ ಶ್ರಮ ನೀರುಪಾಲು. ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆಗೆ ಕೆಲಸ ಸಿಕ್ಕಿತು. ಹಾಗಾಗಿ ಪುಟ್ಟಿಯೂ ನನ್ನ ಸೊಂಟದ ಮೇಲೆ, ಆ ಧೂಳಿನಲ್ಲಿ.

ನಿನ್ನೆ ತೂಕದವನು ಅವಳನ್ನು ಎತ್ತಿ ತಕ್ಕಡಿಯ ಮೇಲೆ ಕೂರಿಸಿದ. "ಇದ್ಯಾವ ಗ್ರೇಡಕ್ಕಾ, ಸಣ್ಣ ಗಡ್ಡೇನಾ?" ಎಂದ. ಹಮಾಲರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಮುಳ್ಳು ನೋಡಿದೆ. ಹೋದ ತಿಂಗಳು ಆಸ್ಪತ್ರೆಯಲ್ಲಿ ತೂಗಿದ್ದಕ್ಕಿಂತ ಕಡಿಮೆ ಇತ್ತು ಅಕ್ಕಾ. ಬೆಳೆಯಬೇಕಾದ ಮಗು ಕರಗುತ್ತಿದೆ. ತಕ್ಕಡಿ ಕೆಟ್ಟಿದೆ ಎಂದು ಅವನ ಮೇಲೇ ರೇಗಿದೆ. ಅವನು ತೂಕದ ಬಟ್ಟು ಇಟ್ಟು ತೋರಿಸಿದ. ಸರಿಯಾಗಿಯೇ ಇತ್ತು. ಅಲ್ಲಿಂದಲೇ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿ, "ನಿಮ್ಮ ಹಾಲು ಸಾಲ್ತಾ ಇಲ್ಲಮ್ಮ. ಹೊತ್ತುಹೊತ್ತಿಗೆ ಬಾಟಲಿ ಹಾಲು ಕುಡಿಸೋರು ಮನೇಲಿ ಯಾರೂ ಇಲ್ವಾ?" ಎಂದರು.

"ಪರೀಕ್ಷೆ ಮುಗಿಯುವ ತನಕ ಪುಟ್ಟಿಯನ್ನು ನನ್ನ ಹತ್ತಿರ ಬಿಡು" ಎಂದು ನೀನು ಬರೆದದ್ದಕ್ಕೆ ನಾನು ಉತ್ತರಿಸಿಲ್ಲ. ನಿನ್ನ ಮೇಲೆ ಸಂಶಯವಲ್ಲ. ನನ್ನನ್ನು ಬೆಳೆಸಿದವಳೇ ನೀನು. ನಿನ್ನ ಕಂಕುಳಲ್ಲಿದ್ದರೆ ನಾನು ಅಮ್ಮನ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಅದೇ ನನ್ನ ಹೆದರಿಕೆ.

ಭಾವನಿಗೆ ನಮಸ್ಕಾರ ಹೇಳು. ಇಲ್ಲಿ ಶಾಯಿ ಹರಡಿರುವುದು ಪುಟ್ಟಿಯ ಕೈಯಿಂದ, ನನ್ನ ಕಣ್ಣೀರಿನಿಂದಲ್ಲ.

ನಿನ್ನ ಗಿಡ್ಡಿ

ಮತ್ತೆ: ಭಾನುವಾರವೇ ಬಾ. ಅವಳ ಬಟ್ಟೆ ಕಟ್ಟಿಟ್ಟಿರುತ್ತೇನೆ. ನೀನು ಬಾಗಿಲಿಗೆ ಬಂದಾಗ ನಾನು ಬೇಡ ಎನ್ನುತ್ತೇನೆ, ಬಾಯಿಗೆ ಬಂದಂತೆ ಬೈಯಲೂಬಹುದು. ಕಿವಿಗೆ ಹಾಕಿಕೊಳ್ಳಬೇಡ. ಎತ್ತಿಕೊಂಡು ನಡೆದುಬಿಡು.