ಹಳದಿ ಟೋಪಿ, ಉಪ್ಪಿನ ಡಬ್ಬಿ

ತಮ್ಮಾ,

ನೀನು ಬುಕ್ ಮಾಡಿದ ಹಿರಿಯರ ಟೂರಿಗೆ ಎಳ್ಳುನೀರು ಬಿಟ್ಟು, ನಾನೊಬ್ಬಳೇ ಬೆಳಗಿನ ರೈಲಿಗೆ ಹೊರಟೆ. ಹೋದ ವರ್ಷದ್ದೇ ಸಾಕು. ಸೀಟಿ ಊದಿದರೆ ಇಳೀಬೇಕು, ಇನ್ನೊಮ್ಮೆ ಊದಿದರೆ ಹತ್ತಬೇಕು. ಸಮುದ್ರ ಕಣ್ತುಂಬ ನೋಡೋಕೂ ಬಿಡದೆ ಆ ಗೈಡ್ ಮಹಾಶಯ ನಮ್ಮನ್ನು ಕುರಿಗಳ ಹಾಗೆ ತನ್ನ ಭಾವನ ಅಂಗಡಿಗೆ ಅಟ್ಟಿದ.

ಹಾಲು ಕಾಯಿಸಿಟ್ಟಿದ್ದೀನಿ. ಬೆಕ್ಕಿಗೂ ಹಾಕು, ಅದಕ್ಕಾದರೂ ಬುದ್ಧಿ ಇದೆ.

ಅಕ್ಕ ಒಬ್ಬಳೇ ಹೋದರೆ ದಾರಿ ತಪ್ಪುತ್ತಾಳೆ ಅಂತ ಬೀದಿಗೆಲ್ಲ ಡಂಗುರ ಸಾರಿದೆಯಲ್ಲ, ಹುಟ್ಟಿ ಬೆಳೆದ ಮನೆಯ ಅಡುಗೆಮನೇಲಿ ನಿನಗೆ ಇವತ್ತಿಗೂ ಉಪ್ಪಿನ ಡಬ್ಬಿ ಸಿಗಲ್ಲ. ಟೂರಿನವರು ಕಳಿಸಿದ ಹಳದಿ ಟೋಪಿ ಅದರ ಮೇಲೆ ಕವುಚಿದ್ದೀನಿ, ಗುರುತಿಗೆ. ಕೊರಳಿಗೆ ಹಾಕೋ ಆ 'ಕಳೆದುಹೋದರೆ ಫೋನ್ ಮಾಡಿ' ಕಾರ್ಡಲ್ಲಿ ನಿನ್ನ ನಂಬರ್ ಹೊಡೆದುಹಾಕಿ ನನ್ನದು ಬರೆದಿದ್ದೀನಿ.

ನೀನೇ ಹಾಕ್ಕೋ.

ಅಕ್ಕ